ದೊರೆಗೆ ನಾಲ್ಕು ದಿಂಬು

ಬೆಳಗಿನ ಐದೂವರೆ. ಗೋದಾಮಿನ ಶಟರ್ ಅರ್ಧಕ್ಕೆ ಎದ್ದಿದೆ. ಒಳಗೆ ಸಿಮೆಂಟ್ ನೆಲದ ಮೇಲೆ ಖಾಲಿ ಆಕ್ಸಿಜನ್ ಸಿಲಿಂಡರುಗಳು ಶಾಲೆಯ ಮಕ್ಕಳ ಹಾಗೆ ಎತ್ತರದ ಪ್ರಕಾರ ಸಾಲಾಗಿ ನಿಂತಿವೆ. ಉಣ್ಣೆಯ ಟೋಪಿ ಹಾಕಿಕೊಂಡ, ಐವತ್ತೆಂಟು ವರ್ಷದ ಒಬ್ಬರು ಪುಟ್ಟ ಸುತ್ತಿಗೆ ಹಿಡಿದು ಸಾಲಿನ ನಡುವೆ ನಡೆಯುತ್ತಾರೆ. ಒಂದೊಂದಕ್ಕೂ ಮೆಲ್ಲಗೆ ಒಂದೇ ಪೆಟ್ಟು. ಆಮೇಲೆ ಕಿವಿ ವಾಲಿಸಿ, ಸದ್ದು ಪೂರ್ತಿ ಆರುವವರೆಗೆ ಕಾಯುತ್ತಾರೆ. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವ ತಾಯಿಯ ಮುಖದಲ್ಲಿ ಇಂಥದೇ ಒಂದು ನಿಶ್ಚಲತೆ ಇರುತ್ತದೆ.

"ಗಂಟೆ ಥರ ನಿಲ್ಲಬೇಕು ಸದ್ದು. ಒಡೆದ ಮಡಕೆ ಥರ ಲೊಟ್ಟ ಅಂದ್ರೆ ಒಳಗೆ ತುಕ್ಕು ಹಿಡಿದಿದೆ ಅಂತ. ಅದನ್ನ ತುಂಬಿಸೋ ಹಾಗಿಲ್ಲ" ಎನ್ನುತ್ತಾರೆ.

ಬಾಗಿಲಲ್ಲಿ ನಿಂತ ಲಾರಿ ಚಾಲಕ ಆಕಳಿಸುತ್ತಾನೆ. "ಅಣ್ಣ, ಸಂಗೀತ ಕಛೇರಿ ಮುಗೀತಾ? ಗಾಡಿಗೆ ಏರಿಸೋಣ್ವಾ?"

"ಟಿಕೆಟ್ ಇಲ್ಲದೆ ಬಂದೋನು ನೀನು. ಸುಮ್ನೆ ನಿಂತು ಕೇಳು."

ದಿನಕ್ಕೆ ಅರವತ್ತು ಸಿಲಿಂಡರುಗಳಿಗೆ ಕಿವಿಗೊಡುವ ಇವರು ಒಂದು ಕಾಲದಲ್ಲಿ ರಾಕ್ ತಂಡವೊಂದರ ಡ್ರಮ್ಮರ್. ತಂಡದವರು ಇಟ್ಟ ಹೆಸರು ಗಡಿಯಾರ. ಹದಿನೇಳು ವರ್ಷ ಊರೂರು ಸುತ್ತಿ ಬಾರಿಸಿದವರು. ನಮ್ಮ ಪತ್ರಿಕೆಯ ಭಾನುವಾರದ ಪುರವಣಿಗೆ ಇವರ ಕೆಲಸದ ಬಗ್ಗೆ ಬರೆಯುತ್ತೇನೆ ಎಂದು ನಾನು ಎರಡು ಸಲ ಕೇಳಿದಾಗಲೂ "ನಂದೇನಿದೆ ಅಮ್ಮಾ, ಹೊರೋ ಕೆಲಸ" ಎಂದು ಜಾರಿಕೊಂಡಿದ್ದರು. ಮೂರನೆಯ ಸಲ ತಾವೇ ಫೋನ್ ಮಾಡಿದರು. "ಬನ್ನಿ. ಹನ್ನೆರಡು ವರ್ಷದ ಹಿಂದೆ ನಿಮ್ಮ ಪತ್ರಿಕೆಯಲ್ಲೇ ಒಬ್ಬನ ಮಾನ ಹೋಯ್ತು. ಕಳೆದವನು ನಾನು. ಅದನ್ನೂ ಬರೀತೀರಾ ಅನ್ನೋದಾದ್ರೆ ಬನ್ನಿ."

ಆ ಒಬ್ಬ, ತಂಡದ ಮುಖ್ಯ ಗಾಯಕ. ಎಲ್ಲರ ಬಾಯಲ್ಲೂ ಆತ ದೊರೆ. ಪ್ರೀತಿಯಿಂದ ಇಟ್ಟ ಹೆಸರಲ್ಲ, ಹಲ್ಲು ಕಚ್ಚಿಕೊಂಡು ಇಟ್ಟದ್ದು.

ದೊರೆಯ ಕತೆ ತೆಗೆದರೆ ತಂಡದ ಯಾರ ಬಾಯಿಯೂ ಮುಚ್ಚುವುದಿಲ್ಲ. ಗಿಟಾರ್ ನುಡಿಸುತ್ತಿದ್ದವರು ಈಗ ಹಲ್ಲಿನ ಸೆಟ್ ತಯಾರಿಸುವ ಪುಟ್ಟ ಕಾರ್ಖಾನೆ ನಡೆಸುತ್ತಾರೆ. ಮೇಜಿನ ತುಂಬ ನಗುವ ಹಲ್ಲುಗಳ ನಡುವೆ ಕೂತು ನೆನಪು ಮಾಡಿಕೊಳ್ಳುತ್ತಾರೆ: "ದೊರೆಗೆ ನೆಲಮಹಡಿ ಕೋಣೇನೇ ಆಗಬೇಕು. ಒಂದು ದಿಂಬು, ಎರಡು ದಿಂಬು ಅಲ್ಲ, ನಾಲ್ಕು. ಕೋಣೇಲಿ ಹೂ ಇಟ್ಟಿದ್ರೆ ಕಿಟಕಿಯಿಂದ ಆಚೆ. ಒಂದ್ಸಲ ಹೋಟೆಲಿನವನು ಕಷ್ಟಪಟ್ಟು ಹುಡುಕಿ ತಂದ ಹೂಗುಚ್ಛ ಅವನ ತಲೆ ಮೇಲೇ ಬಿತ್ತು. ವ್ಯಾನಲ್ಲಿ ಚಳಿಗೆ ನಮ್ಮ ಹಲ್ಲು ಕಟಕಟ ಅಂತಿದ್ರೂ ಕಿಟಕಿ ಮುಚ್ಚೋ ಹಾಗಿಲ್ಲ. ಈ ಹಲ್ಲಿನ ವ್ಯಾಪಾರ ನನಗೆ ಹೊಳೆದಿದ್ದೇ ಅಲ್ಲಿ!"

ಹಾಡುವ ಮೊದಲು ಒಂದು ಗಂಟೆ ದೊರೆ ಮೌನ. ಏನು ಬೇಕಿದ್ದರೂ ಚೀಟಿ. ಗಿಟಾರಿನವರಿಗೆ ಬಂದ ಒಂದು ಚೀಟಿ ತಂಡದಲ್ಲಿ ಗಾದೆಯೇ ಆಗಿಬಿಟ್ಟಿತ್ತು: 'ವೇದಿಕೆಯ ಮೇಲೆ ನಿನ್ನ ಸೆಂಟು ಇರಬೇಕು, ಇಲ್ಲವೇ ನಾನು ಇರಬೇಕು.' ವೇದಿಕೆಯ ಪರದೆಯ ಹಿಂದೆ ಎತ್ತರದ ಬೆನ್ನಿನ ಕುರ್ಚಿಯೊಂದು ಇರಬೇಕು. ಅದರಲ್ಲಿ ಬೇರೆ ಯಾರೂ ಕೂರಬಾರದು. ಉಳಿದವರು ಎರಡು ನಿಮಿಷ ನುಡಿಸಿದ ಮೇಲೆಯೇ ಆತನ ಪ್ರವೇಶ.

ಕೀಬೋರ್ಡ್ ನುಡಿಸುತ್ತಿದ್ದಾಕೆ ಈಗ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಅವರಿಗೆ ನೆನಪಿರುವುದು ಕನ್ನಡಿ. "ಆಳೆತ್ತರದ ಕನ್ನಡಿ, ಊರಿಂದೂರಿಗೆ ನಮ್ಮ ಜೊತೆ. ಅದಕ್ಕೆ ಸುತ್ತೋಕೆ ಗಡಿಯಾರದ ಕಂಬಳಿ. ಪಾಪ, ಅವನು ನಡುಗ್ತಾ ಕೂತಿರ್ತಿದ್ದ, ಕನ್ನಡಿ ಬೆಚ್ಚಗಿರ್ತಿತ್ತು."

ಈ ಎಲ್ಲ ಮಾತಿನಲ್ಲಿ ನಗುವಿದೆ, ನಗುವಿನ ತಳದಲ್ಲಿ ಕಹಿಯೂ ಇದೆ. ಏಕೆಂದರೆ ತಂಡ ಮುಳುಗಿದ್ದು ದೊರೆಯಿಂದಲೇ ಎಂಬುದು ಅವರ ನಂಬಿಕೆ. ಹನ್ನೆರಡು ವರ್ಷದ ಹಿಂದಿನ ಒಂದು ಸಂಜೆ, ತುಂಬಿದ ಬಯಲಿನಲ್ಲಿ, ಅರ್ಧ ಹಾಡಿಗೆ ಆತ ಮೈಕ್ ಬಿಟ್ಟು ಇಳಿದು ಹೋದ. ಮತ್ತೆ ಬರಲಿಲ್ಲ. 'ಜಂಬದ ದೊರೆ, ಅರ್ಧ ಹಾಡಿಗೆ ಪರಾರಿ' ಎಂದು ಇದೇ ಪುರವಣಿ ಬರೆಯಿತು. ಉಳಿದ ಹನ್ನೊಂದು ಕಾರ್ಯಕ್ರಮಗಳು ರದ್ದಾದವು. ತಂಡ ಚದುರಿತು.

ಡ್ರಮ್ ಮಾರಿದ ಮೇಲೆ ಗಡಿಯಾರ ಅವರು ಮಾಡದ ಕೆಲಸವಿಲ್ಲ. ಮನೆ ಬದಲಿಸುವವರ ಸಾಮಾನು ಹೊತ್ತರು, ಈಜುಕೊಳ ತೊಳೆದರು. ಎರಡು ವರ್ಷ ಕೆಲಸವೇ ಇಲ್ಲದೆ, ಹೆಂಡತಿ ಹೊಲಿಗೆ ಯಂತ್ರ ತುಳಿಯುವ ಸದ್ದು ಕೇಳುತ್ತ ಕೂತಿದ್ದರು. "ಯಂತ್ರ ಎಲ್ಲಿ ಓಡುತ್ತೆ, ಎಲ್ಲಿ ಎಳೆಯುತ್ತೆ ಅಂತ ಹೇಳ್ತಾ ಕೂರ್ತಿದ್ರು. ನಂಗೆ ತಲೆ ಕೆಟ್ಟು, 'ರೀ, ಆ ಕಿವೀನ ಎಲ್ಲಾದ್ರೂ ಕೆಲಸಕ್ಕೆ ಹಾಕಿ' ಅಂದೆ" ಎಂದು ಆಕೆ ನಗುತ್ತಾರೆ. ಐದು ವರ್ಷದ ಹಿಂದೆ ಈ ಗೋದಾಮಿಗೆ ಬಂದರು. ಮೂರು ಆಸ್ಪತ್ರೆ, ಹದಿನಾಲ್ಕು ಮನೆ, ಇದು ದಿನದ ಸುತ್ತು. ದೊಡ್ಡ ಸಿಲಿಂಡರ್ ಒಬ್ಬ ಗಟ್ಟಿ ಆಳಿನಷ್ಟು ತೂಗುತ್ತದೆ. ಲಿಫ್ಟ್ ಕೆಟ್ಟ ದಿನ ಸಣ್ಣವನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಾರೆ. ಎಡ ಮಂಡಿ ಮಾತು ಕೇಳುವುದಿಲ್ಲ. ಕೈಗವಸಿನ ಹೆಬ್ಬೆರಳು ಮೂರು ಬಣ್ಣದ ದಾರದಲ್ಲಿ ಹೊಲಿದದ್ದು.

ಮೂರನೇ ಮಹಡಿಯ ಮನೆಯೊಂದಕ್ಕೆ ಅವರ ಜೊತೆ ಹೋದೆ. ನಿವೃತ್ತ ಶಿಕ್ಷಕಿ, ವಯಸ್ಸು ಎಂಬತ್ತು. ಬಾಗಿಲು ತೆಗೆದ ಕೂಡಲೇ ಬೈಗುಳ ಶುರುವಾಯಿತು. "ಹತ್ತು ನಿಮಿಷ... ತಡ..." ಅಷ್ಟರಲ್ಲಿ ಅಜ್ಜಿಗೆ ಏದುಸಿರು.

"ಬೆಂಚ್ ಮೇಲೆ ನಿಲ್ಲಿಸಿ ಅಜ್ಜಿ, ನಿಂತ್ಕೋತೀನಿ. ಮೊದಲು ಉಸಿರು ತಗೊಳ್ಳಿ. ನಿಧಾನ. ನಿಮ್ಮ ಬೈಗುಳ ಎಲ್ಲೂ ಹೋಗಲ್ಲ, ನಾನೂ ಎಲ್ಲೂ ಹೋಗಲ್ಲ."

ಹಳೆಯದನ್ನು ಬಿಚ್ಚಿ ಹೊಸದಕ್ಕೆ ನಳಿಕೆ ಜೋಡಿಸುವಾಗ ಅವರ ಕಾಲಿನ ಹೆಬ್ಬೆರಳು ನೆಲಕ್ಕೆ ಮೆಲ್ಲಗೆ ತಟ್ಟುತ್ತಿತ್ತು. ಅಜ್ಜಿಯ ಉಸಿರಿಗಿಂತ ಒಂದು ಚೂರು ನಿಧಾನ. ನೋಡನೋಡುತ್ತ ಅಜ್ಜಿಯ ಉಸಿರು ಆ ಲೆಕ್ಕಕ್ಕೆ ಇಳಿಯಿತು. ಆಕೆಗೆ ಗೊತ್ತಾಗಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಅವರು ಇಂಥದೇ ಒಂದು ಮನೆಗೆ ಹೋಗಿದ್ದರು. ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: ಹೂ, ಸೆಂಟು ತರಬೇಡಿ. ಒಳಗೆ ಹಾಸಿಗೆಯ ಮೇಲೆ ಒಂದರ ಮೇಲೊಂದು ನಾಲ್ಕು ದಿಂಬು. ಕೊರೆಯುವ ಚಳಿಯಲ್ಲೂ ತೆರೆದ ಕಿಟಕಿ. ಪಕ್ಕದಲ್ಲಿ ಎತ್ತರದ ಬೆನ್ನಿನ ಕುರ್ಚಿ, ಅದರ ಕೈಗಳನ್ನು ಬಿಗಿಯಾಗಿ ಹಿಡಿದು ಕೂತ ಒಬ್ಬ ಅಪರಿಚಿತ ರೋಗಿ.

"ಸಿಲಿಂಡರ್ ಹೆಗಲ ಮೇಲಿದ್ದಂಗೇ ನಿಂತುಬಿಟ್ಟೆ ಅಮ್ಮಾ. ಇದು ದೊರೆ ಕೋಣೆ ಅಲ್ವಾ ಅನ್ನಿಸ್ತು. ಶ್ವಾಸಕೋಶ ಹಾಳಾದವರು ಚಪ್ಪಟೆ ಮಲಗೋಕೆ ಆಗಲ್ಲ, ಅದಕ್ಕೆ ದಿಂಬು. ಮೆಟ್ಟಿಲು ಹತ್ತೋಕೆ ಆಗಲ್ಲ, ಅದಕ್ಕೆ ನೆಲಮಹಡಿ. ಘಾಟು ಆಗಲ್ಲ, ಅದಕ್ಕೆ ಹೂ, ಸೆಂಟು ದೂರ. ಗಾಳಿ ಸಾಲಲ್ಲ, ಅದಕ್ಕೆ ತೆರೆದ ಕಿಟಕಿ. ಮಾತಾಡಿದ್ರೆ ಉಸಿರು ಖರ್ಚು, ಅದಕ್ಕೆ ಚೀಟಿ. ವೇದಿಕೆ ಮೆಟ್ಟಿಲು ಹತ್ತಿ ಬಂದು ಸುಧಾರಿಸಿಕೊಳ್ಳೋಕೆ ಆ ಕುರ್ಚಿ, ಆ ಎರಡು ನಿಮಿಷ. ನಾವು ಹಿಂದೆ ನಿಂತು ಆಡಿಕೊಂಡು ನಗ್ತಿದ್ವಿ." ಮತ್ತೆ ಸೇರಿಸುತ್ತಾರೆ, "ಕನ್ನಡಿ ಮಾತ್ರ ಜಂಬಾನೇ. ಅದಕ್ಕೆ ಯಾವ ಡಾಕ್ಟರೂ ಚೀಟಿ ಕೊಡಲ್ಲ."

ಅಂದು ಸಂಜೆಯೇ ಹಳೆಯ ಡೈರಿಯಲ್ಲಿ ನಂಬರ್ ಹುಡುಕಿ ದೊರೆಯ ಅಕ್ಕನಿಗೆ ಫೋನ್ ಮಾಡಿದರು. "ನಿಮಗ್ಯಾರಿಗೂ ಗೊತ್ತೇ ಇರ್ಲಿಲ್ವೇನಪ್ಪಾ?" ಎಂದರಂತೆ ಆಕೆ. "ಕಾರ್ಯಕ್ರಮಗಳ ಕೊನೇ ಸುತ್ತಿಗೆ ಹೊರಡೋ ಎರಡು ವರ್ಷ ಮೊದಲೇ ಡಾಕ್ಟರು ಶ್ವಾಸಕೋಶ ಕೆಟ್ಟಿದೆ, ಹಾಡಬೇಡ ಅಂದಿದ್ರು. ಇವನು ಕೇಳಬೇಕಲ್ಲ."

ಯಾರಿಗೂ ಗೊತ್ತಿರಲಿಲ್ಲ, ನಿಜ. ಆದರೆ ಡ್ರಮ್ಮರಿನ ಕೈಗೆ ಗೊತ್ತಿತ್ತು. ಇದನ್ನು ಹೇಳುವಾಗ ಅವರು ತಲೆ ಎತ್ತುವುದಿಲ್ಲ.

"ಡ್ರಮ್ ಹಿಂದೆ ಕೂತವನಿಗೆ ಹಾಡೋನ ಮುಖ ಕಾಣಲ್ಲ, ಬೆನ್ನು ಕಾಣುತ್ತೆ. ಹದಿನೇಳು ವರ್ಷ ನಾನು ನೋಡಿದ್ದು ಆ ಬೆನ್ನು. ಸಾಲು ಮುಗಿಯೋ ಮೊದಲೇ ಹೆಗಲು ಮೇಲಕ್ಕೆ ಹೋಗೋಕೆ ಶುರುವಾಯ್ತು. ವಯಸ್ಸಾಯ್ತು, ಸೋಮಾರಿ ಆದ ಅಂದ್ಕೊಂಡೆ. ಆದ್ರೂ ಕೈ ತಾನಾಗೇ ಒಂಚೂರು ನಿಧಾನ ಮಾಡ್ತು. ಮುಂದಿನ ವರ್ಷ ಇನ್ನೊಂಚೂರು. ಅವನ ಉಸಿರಿಗೆ ಜಾಗ ಬಿಟ್ಟುಕೊಂಡು ಬಾರಿಸ್ತಿದ್ದೆ."

ಆ ಸಂಜೆ ಬಯಲಿನಲ್ಲಿ ಜನರ ನಡುವಿನಿಂದ ಯಾರೋ ಕೂಗಿದರು: ಏನ್ರೀ, ಹಾಡು ಕುಂಟ್ತಾ ಇದೆ! ದೊರೆ ನಕ್ಕು, ಹಿಂದಕ್ಕೆ ಕೈ ತೋರಿಸಿ ಮೈಕಿನಲ್ಲಿ ಹೇಳಿದ: "ನಮ್ಮ ಗಡಿಯಾರಕ್ಕೆ ವಯಸ್ಸಾಗಿದೆ, ಕೀ ಕೊಡೋರಿಲ್ಲ." ಬಯಲಿಗೆ ಬಯಲೇ ನಕ್ಕಿತು. ಮೊದಲ ಸಾಲಿನಲ್ಲಿ ಇವರ ಹೆಂಡತಿಯೂ ಕೂತಿದ್ದರು.

"ಮೈಯೆಲ್ಲ ಉರಿದುಹೋಯ್ತು. ಯಾರಿಗಾಗಿ ನಿಧಾನ ಮಾಡ್ತಿದ್ದೀನೋ ಅವನೇ ಹೀಗಂದ್ನಲ್ಲ ಅಂತ. ಮುಂದಿನ ಹಾಡಿಗೆ ಕೋಲು ತಟ್ಟಿ ಒಂದರಿಂದ ನಾಲ್ಕು ಎಣಿಸಿ ಸ್ಪೀಡು ಕೊಡಬೇಕಾದವನು ನಾನು. ತಂಡ ಶುರುವಾದಾಗ ಇದ್ದ ಸ್ಪೀಡಿಗೆ ಎಣಿಸಿದೆ. ಬೇಕಂತಲೇ ಅಮ್ಮಾ. ಕೈ ತಪ್ಪಿದ್ದಲ್ಲ."

ಮೊದಲ ಚರಣಕ್ಕೆ ದೊರೆ ಹೇಗೋ ಜೊತೆಗೆ ಓಡಿದ. ಎರಡನೆಯದರಲ್ಲಿ ಒಂದು ಪದ ಬಿಟ್ಟ, ಆಮೇಲೆ ಒಂದು ಸಾಲು. ಮೈಕಿನ ಕಂಬಕ್ಕೆ ಜೋತುಬಿದ್ದ. ಅದೂ ಒಂದು ಪ್ರದರ್ಶನವೆಂದು ಜನ ಚಪ್ಪಾಳೆ ತಟ್ಟಿದರು. ಒಂದು ಸಲ ಹಿಂತಿರುಗಿ ನೋಡಿದ. ಕಾರ್ಯಕ್ರಮದ ನಡುವೆ ಆತ ಹಾಗೆ ತಿರುಗಿದ್ದು ಅದೇ ಮೊದಲು. "ನಾನು ನಿಲ್ಲಿಸಬಹುದಿತ್ತು. ನಿಧಾನ ಮಾಡಿದ್ರೂ ಸಾಕಿತ್ತು. ತಾಳದ ಇನ್ನೂ ಎಂಟು ಸುತ್ತು ಅದೇ ಸ್ಪೀಡಲ್ಲಿ ಬಾರಿಸಿದೆ." ಸಿಟ್ಟು ಬಂದಾಗ ಮೈಕುಗಳನ್ನು ಎಸೆದು ಒಡೆಯುತ್ತಿದ್ದ ದೊರೆ ಅಂದು ಮೈಕನ್ನು ಮೆಲ್ಲಗೆ ನೆಲದ ಮೇಲಿಟ್ಟು ಇಳಿದು ಹೋದ.

"ಸ್ಪೀಡು ಕಮ್ಮಿಯಾಗಿದ್ದು ಜನಕ್ಕೆ ಗೊತ್ತಾದ್ರೆ, ಯಾಕೆ ಅಂತಾನೂ ಗೊತ್ತಾಗುತ್ತೆ ಅಂತ ಹೆದರಿದ್ದ. ಅದಕ್ಕೆ ನನ್ನ ತಲೆಗೆ ಕಟ್ಟಿದ. ಈಗ ಅರ್ಥವಾಗುತ್ತೆ. ಕಟ್ಟಿಸಿಕೊಂಡಿದ್ರೆ ಏನಾಗ್ತಿತ್ತು ಹೇಳಿ? ಅವನ ಕನ್ನಡಿಗೆ ಕಂಬಳಿ ಕೊಟ್ಟೋನು ನಾನು. ಒಂದು ಮಾತು ಹೊರೋಕೆ ಆಗ್ಲಿಲ್ಲ."

ಇದನ್ನು ಅವರು ಗಿಟಾರಿನವರಿಗೆ ಹೇಳಿದ್ದು ಕಳೆದ ವಾರವಷ್ಟೇ, ನಾನು ಗಿಟಾರಿನವರನ್ನು ಮಾತಾಡಿಸಿ ಬಂದ ಮೇಲೆ. ಗಿಟಾರಿನವರು ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಮೇಜಿನ ಮೇಲಿಟ್ಟರಂತೆ. ಆಮೇಲೆ ಹೇಳಿದ್ದು ಇಷ್ಟು: "ಹನ್ನೆರಡು ವರ್ಷ ಅವನನ್ನ ಬೈಕೊಂಡು ತಿರುಗಿದೆನಲ್ಲೋ. ಬೈಯೋಕೆ ಮುಂಚೆ ನೀನೊಂದು ಮಾತು ಹೇಳಬಾರದಿತ್ತೇನೋ."

ದೊರೆ ಈಗ ಬೇರೆ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಾನೆ. ನಳಿಕೆ ಮೂಗಿನಿಂದ ಇಳಿಯುವುದಿಲ್ಲ. ಫೋನಿಗೆ ಬರುವುದಿಲ್ಲ. ಹೋದ ವರ್ಷ ರಜೆ ಹಾಕಿ ಗಡಿಯಾರ ಅವರು ಅಲ್ಲಿಗೇ ಹೋದರು. ಅಕ್ಕ ಒಳಗೆ ಹೋಗಿ ಒಂದು ಚೀಟಿ ತಂದುಕೊಟ್ಟರು. ಅದನ್ನು ಅಂಗಿಯ ಜೇಬಿನಿಂದ ತೆಗೆದು ತೋರಿಸುತ್ತಾರೆ. ಮಡಿಕೆಗಳು ಸವೆದಿವೆ. ನಡುಗುವ ಅಕ್ಷರ, ಆದರೂ ಬಾಲಗಳೆಲ್ಲ ಗತ್ತಿನಿಂದ ಮೇಲೆದ್ದಿವೆ: 'ದೊರೆಯವರ ದರ್ಶನ ಇಂದು ಇರುವುದಿಲ್ಲ.'

"ಬಾಗಿಲ ಸಂದಿಯಿಂದ ಕಂಡ. ಕಿಟಕಿ ಕಡೆ ತಿರುಗಿ ಕೂತಿದ್ದ. ಈಗ್ಲೂ ನಂಗೆ ಸಿಕ್ಕಿದ್ದು ಬೆನ್ನೇ. ತಪ್ಪಾಯ್ತು ಅಂತ ಬಾಗಿಲಲ್ಲೇ ನಿಂತು ಹೇಳಬಹುದಿತ್ತು. ಹೆಗಲು ಮೇಲೆ ಕೆಳಗೆ ಆಗೋದು ನೋಡ್ತಾ ನಿಂತೆ, ಹಾಗೇ ವಾಪಸ್ ಬಂದೆ."

ಗೋದಾಮಿಗೆ ಮರಳುವ ಹೊತ್ತಿಗೆ ಚಾಲಕ ಖಾಲಿ ಸಿಲಿಂಡರುಗಳನ್ನು ಇಳಿಸುತ್ತಿದ್ದಾನೆ, ನಾಳೆಯ ಸಾಲು. ಗಡಿಯಾರ ಅವರು ಸುತ್ತಿಗೆಯನ್ನು ಬಟ್ಟೆಯಲ್ಲಿ ಒರೆಸಿ ಮೊಳೆಗೆ ನೇತುಹಾಕುತ್ತಾರೆ. ನನ್ನ ಪುಸ್ತಕದ ಕಡೆ ನೋಡುತ್ತಾರೆ.

"ಅವನು ಪರಾರಿ ಆಗ್ಲಿಲ್ಲ ಅಂತ ಬರೀರಿ. ಉಸಿರು ಸಾಲಲಿಲ್ಲ, ಸಾಲದ ಹಾಗೆ ಮಾಡಿದ್ದು ನಾನು ಅಂತ ಬರೀರಿ. ನನ್ನ ಕೆಲಸದ್ದು ಎರಡು ಸಾಲು ಕಮ್ಮಿಯಾದ್ರೂ ಚಿಂತೆಯಿಲ್ಲ. ಭಾನುವಾರದ ಪುರವಣೀನ ಅವರಕ್ಕ ಅವನಿಗೆ ಓದಿ ಹೇಳ್ತಾರಂತೆ."

ಶಟರಿನವರೆಗೆ ಬಂದು ಬೀಳ್ಕೊಟ್ಟವರು ಮತ್ತೆ ಕರೆಯುತ್ತಾರೆ.

"ಅಮ್ಮಾ, ಇನ್ನೊಂದು. ನಿಧಾನವಾಗಿ ಓದೋ ಹಾಗೆ ಬರೀರಿ. ನಡುನಡುವೆ ಅವನು ನನ್ನ ಬೈಯದೆ ಇರಲ್ಲ. ಅದಕ್ಕೆ ಉಸಿರು ಬೇಕಲ್ಲ, ಜಾಗ ಬಿಡಿ."