ತೊಳೆದ ಕಹಳೆ

ಬ್ಯಾಂಡಿನ ಸಾಹೇಬರು ತಮ್ಮ ದೊಡ್ಡ ಹಿತ್ತಾಳೆ ಕಹಳೆಯನ್ನು ನನ್ನ ತೊಡೆಯ ಮೇಲಿಟ್ಟು, “ಊದಪ್ಪ, ನೋಡಾನ” ಎಂದರು. ಮಂಡ್ಯದ ಗುತ್ತಲಿನಲ್ಲಿ, ಅವರ ಮನೆಯ ಜಗುಲಿ. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅಕ್ಕನ ಮದುವೆಯಲ್ಲಿ ಆ ಕಹಳೆಯ ದಪ್ಪ ದನಿ ಕೇಳಿದಂದಿನಿಂದ ನನಗೆ ಅದರದೇ ಹುಚ್ಚು.

ಅದಕ್ಕೆ ಹಿಂದಿನ ವಾರವಷ್ಟೇ ಮದ್ದೂರಿನ ಪಿಟೀಲು ಮೇಷ್ಟ್ರು, “ಉಳೋ ಕೈಗೆ ಸಂಗೀತ ಯಾಕೋ?” ಎಂದು ನನ್ನನ್ನು ಅಂಗಳದಿಂದಲೇ ಅಟ್ಟಿದ್ದರು. ಆ ಉರಿ ಆರಿರಲಿಲ್ಲ. ಸಾಹೇಬರು ಏನೂ ಕೇಳದೆ ಪಕ್ಕದಲ್ಲೇ ಕೂರಿಸಿಕೊಂಡಿದ್ದರು.

ನಾನು ಮಾಡಿದ್ದೇನು? ಅವರು ಬಾಯಿಟ್ಟು ಊದುವ ಕಹಳೆಯ ಮೂತಿ ಎಂಜಲೆಂದು, ಮುಸಲ್ಮಾನರ ಮನೆಯ ನೀರೂ ಬೇಡವೆಂದು, ಅದನ್ನು ಬೀದಿ ಬಾವಿಗೆ ಹೊತ್ತೊಯ್ದು ಮೂರು ಸಲ ತೊಳೆದು ತಂದೆ. ಮನೆಯಲ್ಲಿ ಕಲಿತದ್ದೇ ಅದು; ತಪ್ಪೆಂದು ಹೊಳೆಯಲೂ ಇಲ್ಲ.

ಸಾಹೇಬರು ಜಗುಲಿಯಿಂದಲೇ ಎಲ್ಲ ನೋಡಿದ್ದರು. ಕಹಳೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು.

“ನಿಮ್ಮಕ್ಕನ ಧಾರೇಲಿ ಇದ್ನೇ ಊದಿದ್ದು ಕಣಪ್ಪ ನಾನು. ಆವತ್ತು ಯಾರೂ ತೊಳೀನಿಲ್ಲ. ಓಗು, ನಿಮ್ಮೂರಿಗೋಗು.”

ಸಂಗೀತ ಯಾಕೆ ಕಲಿಯಲಿಲ್ಲವೆಂದು ಮೊಮ್ಮಕ್ಕಳು ಕೇಳಿದರೆ, ಸರಿಯಾದ ಗುರು ಸಿಗಲಿಲ್ಲ ಎನ್ನುತ್ತೇನೆ. ಮದ್ದೂರಿನ ಮೇಷ್ಟ್ರ ಕಥೆಯನ್ನು ಚೆನ್ನಾಗಿ ಹೇಳುತ್ತೇನೆ. ಗುತ್ತಲಿನದನ್ನು ಇವತ್ತಿನವರೆಗೂ ಹೇಳಿಲ್ಲ.