ವಿಭೂತಿ ಹಚ್ಚಿಸಿಕೊಂಡ ಫಿಲ್ಟರ್

ಆಗ ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ. ಮುಂಬಯಿಯ ಗ್ಯಾಸ್ ವಿತರಣಾ ಕಂಪನಿಯೊಂದರಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಭಾಂಡುಪ್‌ನ ಸಣ್ಣ ಕಾರ್ಖಾನೆಗಳು ನನ್ನ ಪಾಲಿಗಿದ್ದವು. ಧಾರವಾಡದವಳು, ಮಾತು ಸ್ವಲ್ಪ ಖಾರ. ಅದಕ್ಕೆ ಅಲ್ಲಿ ಎಲ್ಲರೂ ಹೊಂದಿಕೊಂಡಿದ್ದರು.

ದಸರೆ ಮುಗಿದ ಮರುದಿನ ಒಂದು ಬಿಸ್ಕತ್ತು ಕಾರ್ಖಾನೆಯಿಂದ ಫೋನ್ ಬಂತು. ಓವನ್ನಿನ ಉರಿ ಹೊತ್ತುತ್ತದೆ, ತಡವರಿಸುತ್ತದೆ, ಆರಿಹೋಗುತ್ತದೆ. ಹೋದರೆ ಬಾಗಿಲಲ್ಲೇ ಮಾಲೀಕರಾದ ಸೇಠರು ಕೆಂಡವಾಗಿದ್ದರು. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತವರು ಹಳೆಯ ಫಿಟ್ಟರ್ ಮಲ್ಲಪ್ಪ, ವಿಜಯಪುರದ ಕಡೆಯವರು.

"ಬುಡ್ಢಾ ಹೋ ಗಯಾ ಹೈ ಮೇಡಂ. ಆಜ್ ಹೀ ಛುಟ್ಟಿ ಕರ್ ದೂಂಗಾ," ಎಂದರು ಸೇಠರು. ಮುದುಕರಾದರೆಂದು ಸಂಜೆಯೊಳಗೆ ಮಲ್ಲಪ್ಪನವರ ನೌಕರಿ ಹೋಗಲಿತ್ತು.

ಪೈಪಿನಲ್ಲಿ ಬರುವುದು ಬರೀ ಗ್ಯಾಸಲ್ಲ. ತುಕ್ಕಿನ ಕಪ್ಪು ಪುಡಿ, ಧೂಳು, ಒಮ್ಮೊಮ್ಮೆ ಎಣ್ಣೆಯ ಹನಿಯೂ ಜೊತೆಗೆ ಬರುತ್ತವೆ. ಬರ್ನರಿನ ಸಣ್ಣ ತೂತುಗಳಿಗೆ ಅವು ಹೊಕ್ಕರೆ ಕೆಟ್ಟಿತು. ಅದಕ್ಕೇ ಓವನ್ನಿಗೆ ಮೊದಲು ಒಂದು ಫಿಲ್ಟರ್: ಉಕ್ಕಿನ ಡಬ್ಬಿ, ಒಳಗೆ ಸೋಸುವ ಎಲಿಮೆಂಟ್. ಫಿಲ್ಟರಿನ ಆಚೆ ಈಚೆ ಗ್ಯಾಸಿನ ಒತ್ತಡದಲ್ಲಿ ಎಷ್ಟು ಅಂತರವಿದೆಯೆಂದು ಪಕ್ಕದ ಗೇಜು ತೋರಿಸುತ್ತದೆ. ಅಂತರ ಹೆಚ್ಚಿದರೆ ಎಲಿಮೆಂಟ್ ಕಟ್ಟಿಕೊಂಡಿದೆ ಎಂದರ್ಥ. ಅಂದು ಗೇಜಿನ ಮುಳ್ಳು ಕೆಂಪು ಗೆರೆ ದಾಟಿತ್ತು. ಸೇಠರು ಹಳೆಯ ತಂತಿ ಜಾಲರಿ ತೆಗೆಸಿ, ಮಡಿಕೆ ಮಡಿಕೆಯ ಕಾಗದದ ಹೊಸ ಎಲಿಮೆಂಟ್ ಹಾಕಿಸಿ ತಿಂಗಳೂ ಆಗಿರಲಿಲ್ಲ!

ವಾಲ್ವ್ ಮುಚ್ಚಿ, ಒಳಗಿನ ಗ್ಯಾಸ್ ಹೊರಬಿಟ್ಟು, ಮುಚ್ಚಳ ತೆಗೆದೆ. ಎಲಿಮೆಂಟ್ ತೋಯ್ದು ಮುದ್ದೆಯಾಗಿತ್ತು. ಕಪ್ಪು ಪುಡಿ ಕೆಸರಾಗಿ ಮಡಿಕೆಗಳಿಗೆ ಮೆತ್ತಿತ್ತು. ನೆತ್ತಿಯ ತಗಡಿನ ಮೇಲೆ ಮೂರು ಬೆರಳಿನ ವಿಭೂತಿ.

"ಮಲ್ಲಪ್ಪಣ್ಣಾ, ಇದಕ್ಕ ಜಳಕಾ ಮಾಡಿಸೀರೇನು?"

ಅವರ ಕಣ್ಣು ತುಂಬಿತು. "ನವಮಿಗೆ ಖಂಡೆ ಪೂಜಿ, ಆಯುಧ ಪೂಜಿ ಇತ್ತಲ್ರೀ ಅಕ್ಕಾರ. ಹಿಂದಿನ ತಂತಿ ಜಾಳಗಿ ವರ್ಷಾ ವರ್ಷಾ ತೊಳೀತಿದ್ದೆ. ಎಲ್ಲಾ ಹೊಲಸು ತಾ ನುಂಗಿ ಓವನ್ ಕಾಯ್ತೈತಿ ಇದು. ಹಬ್ಬದ ದಿನಾ ಇದನ್ನೊಂದ ಹೊಲಸ ಮೈಲೆ ಹ್ಯಾಂಗ ಬಿಡ್ಲಿರೀ?"

ನನಗೆ ನಗು ಬಂತು. ಹಾಗಂತ ಬೈಯದೆ ಬಿಡಲಿಲ್ಲ. "ಇದಕ್ಕ ನೀರ ಮುಟ್ಟಸಬಾರ್ದು ನಮ್ಮಪ್ಪಾ! ಹೊಲಸಾದ್ರ ತಗದು ಹೊಸಾದ ಹಾಕೂದು, ಅಷ್ಟ!"

ಹೊಸ ಎಲಿಮೆಂಟನ್ನು ಅವರ ಕೈಯಿಂದಲೇ ಹಾಕಿಸಿದೆ. ವಾಲ್ವ್ ತೆರೆದು, ಗ್ಯಾಸ್ ಸೋರುತ್ತಿದೆಯೇ ಎಂದು ಜೋಡಣೆಗೆ ಸೋಪಿನ ನೀರು ಬಳಿದು ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಓವನ್ನಿನಲ್ಲಿ ನೀಲಿ ಉರಿ ನಿಂತಿತು.

"ಇಸೀ ನೇ ಬಿಗಾಡಾ ನಾ?" ಸೇಠರು ಕೇಳಿದರು.

ಹೌದು, ಇವರೇ ಕೆಡಿಸಿದ್ದು ಎಂದೆ. ಆದರೆ ಇದನ್ನು ತೊಳೆಯಬಾರದೆಂದು ಇವರಿಗೆ ಯಾರಾದರೂ ಹೇಳಿದ್ದಿರಾ? ಹಬ್ಬಕ್ಕೆ ಎಲ್ಲ ಮಶೀನೂ ತೊಳೆಯಿರಿ ಎಂದವರು ಯಾರು?

ಸೇಠರು ಓವನ್ನಿಗೆ ತಾವೇ ಹಾಕಿದ್ದ ಚೆಂಡುಹೂವಿನ ಮಾಲೆ ನೋಡಿದರು. "ಮೈನೇ ಹೀ ಬೋಲಾ ಥಾ," ಎಂದು ತಾವೇ ಹೇಳಿದ್ದನ್ನು ಮೆಲ್ಲಗೆ ಒಪ್ಪಿಕೊಂಡರು. ಆಮೇಲೆ, "ಚಲ್ ಮಲ್ಲಪ್ಪಾ, ಮೇಡಂ ಕೇ ಲಿಯೇ ಚಾಯ್ ಮಂಗಾ."

ಕೆಟ್ಟ ಯಂತ್ರದ ಮುಂದೆ ನಿಂತಾಗ, ತಪ್ಪಿದ ಕೈ ಏನು ಮಾಡಲು ಹೊರಟಿತ್ತೆಂದು ಮೊದಲು ಕೇಳಬೇಕು. ಅಷ್ಟು ವರ್ಷದ ನೌಕರಿ ನನಗೆ ಇದನ್ನು ಕಲಿಸಿದ್ದು ಅಂದು.

ಮುಂದಿನ ನವಮಿಗೆ ಮಲ್ಲಪ್ಪನವರೇ ಫೋನ್ ಮಾಡಿ ಕರೆದರು. ಹೋಗಿ ನೋಡಿದರೆ ಫಿಲ್ಟರ್ ಡಬ್ಬಿಯ ಹೊರಮೈಗಷ್ಟೇ ವಿಭೂತಿ, ಹೂವು. "ಒಳಗ ಹೊಸಾದ ಹಾಕೇನ್ರೀ ಅಕ್ಕಾರ, ಹಬ್ಬಕ್ಕ ಹೊಸ ಅಂಗಿ ಹಾಕಿಧಾಂಗ. ಒಂದ ಹನಿ ನೀರ ಮುಟ್ಟಿಸಿಲ್ಲ."

"ಹಳೇದು?"

"ಅದಕ್ಕೂ ಒಂದ ಹೂವಾ ಏರಿಸಿನ ಕಳಿಸೇನ್ರೀ. ಇಷ್ಟ ದಿನಾ ದುಡದೈತಲ್ಲ."