ಗಾಜಿನ ಬೀರು ಮತ್ತು ಕುಸುಮಾವತಿ ಮೇಡಂ

ಕುಸುಮಾವತಿ ಮೇಡಂ ಎದುರು ‘ಹೌದು ಮೇಡಂ’ ಅಂದವರಿಗೆ ಸುಖವಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ‘ಯಾಕೆ ಹೌದು?’ ಅಂತ ಕೇಳುತ್ತಿದ್ದರು. ‘ಅಲ್ಲ ಮೇಡಂ’ ಅಂದರೆ ಮಾತ್ರ ಮುಖ ಅರಳುತ್ತಿತ್ತು. ಪಕ್ಕದ ಸ್ಟೂಲು ಎಳೆದು, ‘ಕೂತ್ಕೊ ಮಾರಾಯ್ತಿ, ಸಾವಕಾಶ ಹೇಳು’ ಅನ್ನುತ್ತಿದ್ದರು. ಮನೆಯಲ್ಲಿ ಎದುರು ಮಾತಾಡುತ್ತೀಯ ಅಂತ ದಿನಾ ಬೈಸಿಕೊಳ್ಳುತ್ತಿದ್ದ ನನಗೆ ಆ ಸ್ಟೂಲು ಸಿಂಹಾಸನದ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರು ನಮ್ಮ ಹೈಸ್ಕೂಲಿನ ಲೈಬ್ರರಿಯನ್. ಆಲ್ದೂರಿನಿಂದ ಸ್ವಲ್ಪ ದೂರದಲ್ಲಿದ್ದ, ತೋಟದ ಮಾಲೀಕರೆಲ್ಲ ಸೇರಿ ನಡೆಸುತ್ತಿದ್ದ ಶಾಲೆ ಅದು. ಮೇಡಂ ಊರು ಕಳಸದ ಆಚೆಯ ಸಂಸೆ. ಆಲ್ದೂರಿನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು, ಮಳೆಗಾಲದಲ್ಲಿ ಸೀರೆಯ ಕೆಳಗೆ ಗಂಡಸರ ಗಮ್‌ಬೂಟು ಹಾಕಿಕೊಂಡು ಬರುತ್ತಿದ್ದರು. ‘ಏನ್ ಮೇಡಂ, ತೋಟದ ಮೇಸ್ತ್ರಿ ಹಾಗೆ ಕಾಣ್ತೀರಲ್ಲ’ ಅಂತ ಪಿ.ಟಿ. ಮಾಸ್ಟರು ನಕ್ಕರೆ, ‘ಜಿಗಣೆಗೆ ಸೀರೆ, ಪ್ಯಾಂಟು ಅಂತ ಭೇದ ಇಲ್ಲ ಸರ್’ ಅಂದು ಮುಂದೆ ಹೋಗುತ್ತಿದ್ದರು. ಕೆಲಸ ಖಾಯಂ ಅಲ್ಲ. ಪ್ರತಿ ವರ್ಷ ಆಡಳಿತ ಮಂಡಳಿಯವರು ‘ಇರಲಿ’ ಅಂದರೆ ಇರಬೇಕು, ‘ಸಾಕು’ ಅಂದರೆ ಹೊರಡಬೇಕು. ಇದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ನಡವಳಿಕೆ ನೋಡಿದರೆ ಅವರೊಬ್ಬರಿಗೆ ಗೊತ್ತಿರಲಿಲ್ಲವೇನೋ ಅನ್ನಿಸುತ್ತಿತ್ತು.

ಅವರ ಲೈಬ್ರರಿಗೊಂದು ಕಟ್ಟಳೆಯಿತ್ತು. ಪುಸ್ತಕ ವಾಪಸ್ ಕೊಡುವಾಗ ಅದರ ಬಗ್ಗೆ ಏನಾದರೂ ಬರೆದು ಕೊಡಬೇಕು. ‘ಚೆನ್ನಾಗಿದೆ’ ಅಂತ ಬರೆದ ಚೀಟಿ ಹಾಗೇ ತಿರುಗಿ ಬರುತ್ತಿತ್ತು. ‘ಚೆನ್ನಾಗಿದೆ ಅಂದ್ರೆ? ಸಾರು ಚೆನ್ನಾಗಿದೆ ಅಂದಂಗಾ? ಉಪ್ಪು ಜಾಸ್ತಿಯೋ ಹುಳಿ ಜಾಸ್ತಿಯೋ ಅದನ್ನ ಹೇಳು.’ ಹಾಗೆ ಬೈಸಿಕೊಂಡ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ಮಕ್ಕಳ ಕಥೆಯ ಬಗ್ಗೆ ಬರೆದಳು: ‘ಇದರಲ್ಲಿ ಆನೆ ಬಹಳ ಒಳ್ಳೆಯದು ಅಂತ ಇದೆ. ಬರೆದವರು ನಮ್ಮ ಕಡೆ ಬಂದಿಲ್ಲ.’ ಮೇಡಂ ಆ ಚೀಟಿಯನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೇ ಹೋಗಿ ಓದಿ ಬಂದರು.

ಇದು ಎರಡು ಸಾವಿರದ ಏಳು-ಎಂಟರ ಮಾತು. ಶಾಲೆಯ ಏಕೈಕ ಕಂಪ್ಯೂಟರು ಪ್ಲಾಸ್ಟಿಕ್ ಹೊದಿಕೆಯೊಳಗೆ ಮಲಗಿರುತ್ತಿತ್ತು. ಮೇಡಂ ಆಲ್ದೂರು ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್‌ಗೆ ಹೋಗಿ, ಯಾರನ್ನೂ ಕೇಳದೆ, ‘ನಮ್ಮ ಲೈಬ್ರರಿ’ ಅಂತ ಒಂದು ಬ್ಲಾಗ್ ಶುರು ಮಾಡಿದರು. ಭಾನುವಾರ ಸಂತೆ ಮುಗಿಸಿ, ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ನಮ್ಮ ಚೀಟಿಗಳನ್ನು ಒಂದೊಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ನಡುವೆ ಕರೆಂಟು ಹೋದರೆ ಟೈಪ್ ಮಾಡಿದ್ದೆಲ್ಲ ಹೋಯಿತು. ಮತ್ತೆ ಮೊದಲಿನಿಂದ ಶುರು.

ನಾನು ಆಗ ಒಂಬತ್ತನೇ ಕ್ಲಾಸು. ಚರ್ಚಾಸ್ಪರ್ಧೆಯಲ್ಲಿ ತಾಲ್ಲೂಕು ಮಟ್ಟದ ಕಪ್ ತಂದ ಸೊಕ್ಕಿನಲ್ಲಿದ್ದೆ. ನೇರವಾಗಿ ಹೋಗಿ ಹೇಳಿದೆ. ‘ಮೇಡಂ, ಇದು ದಂಡ. ನಮ್ಮಲ್ಲಿ ಯಾರ ಮನೆಲೂ ಕಂಪ್ಯೂಟರ್ ಇಲ್ಲ. ನಾವು ಬರೆದಿದ್ದನ್ನ ನಾವೇ ಓದೋಕಾಗಲ್ಲ. ನಿಮಗೊಂದು ಹೊಸ ಹುಚ್ಚು, ಅಷ್ಟೆ.’

‘ಬರ್ದು ಕೊಡು’ ಅಂದರು.

ಬರೆದುಕೊಟ್ಟೆ. ಅವರು ಒಂದಕ್ಷರ ತಿದ್ದದೆ, ಆ ‘ಹೊಸ ಹುಚ್ಚು’ ಸಮೇತ, ನನ್ನ ಹೆಸರು ಹಾಕಿ ಬ್ಲಾಗಿಗೇ ಏರಿಸಿದರು. ಮುಂದಿನ ವಾರ ಅದರ ಕೆಳಗೆ ಬಂದಿದ್ದ ಒಂದು ಕಾಮೆಂಟನ್ನು ಚೀಟಿಯಲ್ಲಿ ಬರೆದುಕೊಂಡು ತಂದರು. ಬರೆದವರು ಇದೇ ಶಾಲೆಯಲ್ಲಿ ಓದಿ ಮಂಗಳೂರಿನಲ್ಲಿ ನರ್ಸ್ ಆಗಿದ್ದವರು. ‘ತಂಗಿ, ನಿನಗೆ ಓದಲು ಆಗುವುದಿಲ್ಲ ಅಂದರೆ ಯಾರೂ ಓದಬಾರದೇ? ನಾನು ನೈಟ್ ಡ್ಯೂಟಿ ಮುಗಿಸಿ ಓದುತ್ತೇನೆ. ಆನೆಯ ಬಗ್ಗೆ ಬರೆದ ಹುಡುಗಿಗೆ ಹೇಳು, ಅವಳದು ಸರಿ.’ ನಾನು ಸುಮ್ಮನಿರುವವಳೇ? ಉತ್ತರ ಬರೆದೆ. ಮೇಡಂ ಟೈಪ್ ಮಾಡಿದರು. ನರ್ಸಕ್ಕ ತಿರುಗಿ ಬರೆದರು. ಹೀಗೆ ಮುಖವನ್ನೇ ನೋಡದ ಒಬ್ಬರ ಜೊತೆ ಒಂದಿಡೀ ಮಳೆಗಾಲ ಜಗಳವಾಡಿದೆ. ಗೆದ್ದವರು ಯಾರು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ತೀರ್ಪುಗಾರರ ಗಂಟೆ ಇಲ್ಲದೆ, ಮೂರು ನಿಮಿಷದ ಹಂಗಿಲ್ಲದೆ ವಾದ ಮಾಡಬಹುದು ಅನ್ನುವುದು ನನಗೆ ತಿಳಿದದ್ದು ಅಲ್ಲಿಯೇ. ಬ್ಲಾಗು ದಂಡ ಅನ್ನುವ ಮಾತನ್ನು ಆಮೇಲೆ ನಾನು ಎತ್ತಲಿಲ್ಲ.

ಇನ್ನು ಬೀರುವಿನ ವಿಷಯ.

ಹೆಡ್ ಮಾಸ್ಟರ ರೂಮಿನಲ್ಲಿ ಗಾಜಿನ ಬಾಗಿಲಿನ ಒಂದು ದೊಡ್ಡ ಬೀರುವಿತ್ತು. ಶಾಲೆಯ ಒಳ್ಳೆಯ ಪುಸ್ತಕಗಳೆಲ್ಲ ಅದರೊಳಗೆ. ಬಣ್ಣದ ಚಿತ್ರಗಳ ವಿಜ್ಞಾನದ ಸಂಪುಟಗಳು, ದಪ್ಪ ನಿಘಂಟುಗಳು, ದೇಶವಿದೇಶದ ಕಥೆಗಳು. ಆಡಳಿತ ಮಂಡಳಿಯ ಅಧ್ಯಕ್ಷರ ತಂದೆ ಶಾಲೆಗೆ ದಾನ ಕೊಟ್ಟದ್ದು. ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸುವುದು, ಉಳಿದಂತೆ ಬೀಗ. ಹೆಡ್ ಮಾಸ್ಟರ ಪಕ್ಷವನ್ನೂ ಹೇಳಬೇಕು. ಪುಸ್ತಕ ಕಳೆದುಹೋದರೆ ಉತ್ತರ ಕೊಡಬೇಕಾದವರು ಅವರು. ಕೊಟ್ಟರೆ ತಾನೇ ಕಳೆಯುವುದು, ಕೊಡದಿದ್ದರೆ ಆಯಿತು ಅನ್ನುವುದು ಅವರ ತರ್ಕ. ಕೇಳಲು ಗಟ್ಟಿಯಾಗಿಯೇ ಇದೆ. ಆ ತರ್ಕದ ಪ್ರಕಾರ ಅತ್ಯುತ್ತಮ ಲೈಬ್ರರಿ ಅಂದರೆ ಯಾರೂ ಕಾಲಿಡದ ಲೈಬ್ರರಿ, ಅಷ್ಟೆ.

ಮೇಡಂ ಕೇಳಿ ಕೇಳಿ ಸಾಕಾಗಿ, ಭಾವನ ಡಿಜಿಟಲ್ ಕ್ಯಾಮೆರಾ ತಂದು, ಒಂದು ಮಧ್ಯಾಹ್ನ ಆ ಬೀರುವಿನ ಫೋಟೋ ಹೊಡೆದು ಬ್ಲಾಗಿಗೆ ಹಾಕಿದರು. ಕೆಳಗೆ ಬರೆದರು: ‘ನಮ್ಮ ಶಾಲೆಯ ಅತ್ಯುತ್ತಮ ಪುಸ್ತಕಗಳು. ಯಾರೂ ಓದಿಲ್ಲವಾದ್ದರಿಂದ ಅಭಿಪ್ರಾಯ ಲಭ್ಯವಿಲ್ಲ.’

ಎಡವಟ್ಟು ಆಗಿದ್ದು ಗಾಜಿನಿಂದ. ಪುಸ್ತಕಗಳ ಮೇಲೆ ಹೆಡ್ ಮಾಸ್ಟರ ಪ್ರತಿಬಿಂಬ ಬಿದ್ದಿತ್ತು. ಕುರ್ಚಿಗೆ ಒರಗಿ, ಬಾಯಿ ತೆರೆದು, ಒಳ್ಳೆಯ ನಿದ್ದೆ. ಸೈಬರಿನ ಮಸುಕು ಪರದೆಯಲ್ಲಿ ಮೇಡಂಗೆ ಅದು ಕಾಣಲಿಲ್ಲ. ಕಂಡದ್ದು ನರ್ಸಕ್ಕನಿಗೆ. ‘ಪುಸ್ತಕಕ್ಕಿಂತ ಸರ್ ಸ್ಪಷ್ಟವಾಗಿದ್ದಾರೆ. ನಾವಿದ್ದಾಗಲೂ ಇದೇ ಪೀರಿಯಡ್‌ನಲ್ಲಿ ಮಲಗುತ್ತಿದ್ದರು.’ ಹಳೆಯ ವಿದ್ಯಾರ್ಥಿಗಳು ಒಬ್ಬರ ಹಿಂದೆ ಒಬ್ಬರು ಬಂದು ನಕ್ಕು ಹೋದರು. ವಿಷಯ ಮಲ್ಲಂದೂರಿನ ತೋಟಗಳವರೆಗೂ ಮುಟ್ಟಿತು.

‘ಏನ್ರೀ ಇದು! ನನ್ನ ನಿದ್ದೇನ ಪ್ರಪಂಚಕ್ಕೆಲ್ಲ ಹಂಚಿದೀರಲ್ರೀ!’ ಹೆಡ್ ಮಾಸ್ಟರು ಕೂಗಾಡಿದರು.

‘ತಪ್ಪಾಯ್ತು ಸರ್. ಅದು ಬೇಕಂತ ಮಾಡಿದ್ದಲ್ಲ’ ಅಂದರು ಮೇಡಂ. ಅಂದೇ ಸಂಜೆ ಆಲ್ದೂರಿಗೆ ಹೋಗಿ ಬ್ಲಾಗಿನಿಂದ ಫೋಟೋ ತೆಗೆದುಹಾಕಿ, ಕ್ಷಮೆ ಕೇಳಿ ಬರೆದರು. ಮರುದಿನ ಹೆಡ್ ಮಾಸ್ಟರು ಊಟಕ್ಕೆ ಹೋದಾಗ ನನ್ನನ್ನೂ ನನ್ನ ಗೆಳತಿಯನ್ನೂ ಕರೆದರು. ಕೈಗೊಂದು ಕರಿ ಕಂಬಳಿ ಕೊಟ್ಟು, ‘ನನ್ನ ಬೆನ್ನ ಹಿಂದೆ ಅಗಲವಾಗಿ ಹಿಡೀರಿ. ಗಾಜಲ್ಲಿ ಏನೂ ಕಾಣಬಾರದು’ ಅಂದರು. ಈ ಸಲ ಬಂದ ಫೋಟೋದಲ್ಲಿ ಪ್ರತಿಯೊಂದು ಪುಸ್ತಕದ ಹೆಸರೂ ಓದಲು ಬರುತ್ತಿತ್ತು. ‘ಸರ್ ಅನ್ನು ತೆಗೆದಿದ್ದೇನೆ. ಬೀರು ಹಾಗೇ ಇದೆ’ ಅಂತ ಬರೆದು ಹಾಕಿದರು.

ಅಲ್ಲಿಯವರೆಗೆ ಆ ಬೀರು ನಮಗೆ ಗೋಡೆಯ ಹಾಗೆ ಇತ್ತು. ಫೋಟೋ ನೋಡಿ ಮೇಡಂ ಬರೆದು ತಂದ ಪಟ್ಟಿಯಿಂದ ಹೆಸರು ಗೊತ್ತಾದ ಮೇಲೆ ಬೇಡಿಕೆ ಹುಟ್ಟಿತು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬೊಬ್ಬರೇ ಹೋಗಿ, ಕೈಕಟ್ಟಿ ನಿಂತು, ಅತಿ ವಿನಯದಿಂದ ಕೇಳತೊಡಗಿದೆವು. ‘ಸರ್, ಸಮುದ್ರದ ಪ್ರಾಣಿಗಳ ಪುಸ್ತಕ ಬೇಕಿತ್ತು.’ ‘ಸರ್, ನಕ್ಷತ್ರಗಳದ್ದು.’ ಬೈಯೋಣವೆಂದರೆ ಅವರಿಗೆ ಕಾರಣ ಸಿಗಲಿಲ್ಲ. ಪುಸ್ತಕ ಕೇಳಿದ್ದಕ್ಕೆ ಮಕ್ಕಳನ್ನು ಬೈದ ಹೆಡ್ ಮಾಸ್ಟರು ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಅದೂ ನರ್ಸಕ್ಕ ನೋಡುತ್ತಿರುವಾಗ!

ಕೊನೆಗೆ ಅಧ್ಯಕ್ಷರೇ ಜೀಪಿನಲ್ಲಿ ಬಂದರು. ಬಿಳಿ ಮೀಸೆಯ ದೊಡ್ಡ ಕಾಫಿ ಪ್ಲಾಂಟರು. ಮಾತು ಮೆದು, ಆದರೆ ಎರಡನೇ ಸಲ ಹೇಳಿ ಅಭ್ಯಾಸವಿಲ್ಲ. ಮೇಡಂ ಅನ್ನು ಕರೆಸಿದರು. ಕಂಬಳಿ ಹಿಡಿದ ಅಪರಾಧಕ್ಕೆ ನಮ್ಮಿಬ್ಬರನ್ನೂ ಕರೆಸಿದರು. ‘ನಮ್ಮ ತಂದೆ ಕೊಟ್ಟ ಪುಸ್ತಕ ಎಷ್ಟು ಜೋಪಾನವಾಗಿದೆ ಅಂತ ಇವರಿಗೂ ಗೊತ್ತಾಗ್ಲಿ. ತೆಗೀರಿ ಸರ್ ಬೀರುನ’ ಅಂದರು.

ತೆಗೆದರು. ಮುಖಕ್ಕೆ ಮುಗ್ಗಲು ವಾಸನೆ ರಾಚಿತು. ಅಧ್ಯಕ್ಷರು ಹೆಮ್ಮೆಯಿಂದ ಎಳೆದ ಸಂಪುಟ ಪಕ್ಕದ ಎರಡನ್ನೂ ಹಿಡಿದುಕೊಂಡೇ ಬಂತು. ಹೊರಗೆ ಬೆನ್ನು ಫಳಫಳ. ಒಳಗೆ ಹಾಳೆಗಳೆಲ್ಲ ಅಂಟಿಕೊಂಡು ಒಂದು ಇಟ್ಟಿಗೆ. ಹಿಂದಿನ ಗೋಡೆಯ ತೇವ ವರ್ಷಗಟ್ಟಲೆ ಕುಡಿದು ಬಿಳಿ ಬೂಷ್ಟು ಹಿಡಿದಿತ್ತು. ಲೈಬ್ರರಿಯಲ್ಲಿ ನಾವು ಕೈಯಿಂದ ಕೈಗೆ ಎಳೆದಾಡಿದ ಹರಕು ಪುಸ್ತಕಗಳೆಲ್ಲ ಓದುವ ಹಾಗಿದ್ದವು; ಜೋಪಾನ ಮಾಡಿದವು ಕೊಳೆತಿದ್ದವು.

ಮೇಡಂ ಕ್ಯಾಮೆರಾ ತೆಗೆದು ಒಂದು ಫೋಟೋ ಹೊಡೆದರು.

‘ಅದನ್ನ ಹಾಕಬೇಡಿ ಮೇಡಂ’ ಅಂದರು ಅಧ್ಯಕ್ಷರು. ‘ಮರ್ಯಾದೆ ಪ್ರಶ್ನೆ. ಇದು ನಮ್ಮ ತಂದೆಯವರು ಕೊಟ್ಟಿದ್ದು.’

‘ಅವರು ಓದೋಕೆ ಅಂತ ಕೊಟ್ಟಿದ್ದು ಸರ್.’

‘ನೀವು ನಂಗೆ ಪಾಠ ಹೇಳ್ಬೇಡಿ.’

‘ಇಲ್ಲ, ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಪಾರ್ಚ್‌ಮೆಂಟ್ ಕಾಫಿಬೀಜಕ್ಕೆ ಬೂಷ್ಟು ಬಂತು ಅಂದ್ರೆ ಗೋಡೌನ್‌ಗೆ ಬೀಗ ಹಾಕಿ, ಮರ್ಯಾದೆ ಅಂತ ಸುಮ್ನೆ ಕೂರ್ತೀರಾ? ತಕ್ಷಣ ಒಣಗಿಸೋಕೆ ಕಣಕ್ಕೆ ಸುರಿಸಲ್ವಾ? ನಿಮ್ಮಲ್ಲಿ ಇಷ್ಟಗಲದ ಕಣ ಇದೆ. ಮಳೆ ಬಿಟ್ಟ ಮೇಲೆ ಕೊಡಿ. ಮಕ್ಕಳು ಬಂದು ಹಾಳೆ ಬಿಡಿಸಿ ಒಣಗಿಸ್ತಾರೆ. ಅರ್ಧವಾದ್ರೂ ಉಳಿಯುತ್ತೆ. ಆ ಫೋಟೋನೂ ಹಾಕ್ತೀನಿ, ನಿಮ್ಮ ಹೆಸರು ಹಾಕೇ ಹಾಕ್ತೀನಿ.’

ಒಂದು ಕ್ಷಣ ಅಧ್ಯಕ್ಷರು ಯೋಚಿಸಿದ್ದು ನಿಜ. ಆಮೇಲೆ ನಮ್ಮ ಮುಖ ನೋಡಿದರು. ನಾವಿಬ್ಬರೂ ಇಲ್ಲದಿದ್ದರೆ ಒಪ್ಪುತ್ತಿದ್ದರೋ ಏನೋ. ‘ಫೋಟೋ ಹಾಕಿದ್ರೆ ನೀವು ನಾಳೆಯಿಂದ ಬರೋದು ಬೇಡ’ ಅಂದು ಎದ್ದರು.

‘ಫೋಟೋದಲ್ಲಿ ಸುಳ್ಳು ಏನಿದೆ ಸರ್?’ ಅಂತ ನಾನು ಬಾಯಿ ಹಾಕಿದೆ. ಹೆಡ್ ಮಾಸ್ಟರು ಕಣ್ಣು ಕೆಂಪಗೆ ಮಾಡಿದರು.

ಅಂದು ಸಂಜೆಯೇ ಫೋಟೋ ಬ್ಲಾಗಿಗೆ ಬಂತು. ಕೆಳಗೆ ಬೈಗುಳವಿಲ್ಲ, ವ್ಯಂಗ್ಯವೂ ಇಲ್ಲ. ‘ಈ ಪುಸ್ತಕಗಳನ್ನು ಯಾರೂ ಮುಟ್ಟಲಿಲ್ಲ. ಆದ್ದರಿಂದ ಹೀಗಾದವು. ಒಣಗಿಸಿದರೆ ಕೆಲವು ಉಳಿಯಬಹುದು.’ ಅಷ್ಟೇ.

ಶನಿವಾರ ಮಧ್ಯಾಹ್ನ ಆಲ್ದೂರು ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ನಾನು ಕೊನೆಯ ಸಲ ನೋಡಿದ್ದು. ಕಳಸದ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರು. ಮಡಿಲಲ್ಲಿ ಒಂದು ಟ್ರಂಕು.

‘ನೀವು ಮಾಡಿದ್ದು ತಪ್ಪು ಮೇಡಂ’ ಅಂದೆ.

‘ಬಸ್ ಬಿಡೋವರೆಗೆ ಟೈಮಿದೆ. ಮಾತಾಡು’ ಅಂದರು.

ಮಾತಾಡಿದೆ. ಕಿಟಕಿಯ ಸರಳು ಹಿಡಿದುಕೊಂಡು, ಜನ ತಿರುಗಿ ನೋಡುತ್ತಿದ್ದರೂ ಬಿಡದೆ ವಾದಿಸಿದೆ. ‘ಒಂದು ಫೋಟೋ ದೊಡ್ಡದೋ ಒಂದು ಲೈಬ್ರರಿ ದೊಡ್ಡದೋ? ಫೋಟೋ ತೆಗೆದ್ರೆ ನೀವಿರ್ತೀರಿ. ನೀವಿದ್ರೆ ನಮ್ಮ ಚೀಟಿ, ನಮ್ಮ ಜಗಳ, ಎಲ್ಲ ಇರುತ್ತೆ. ನೀವು ಹೋದ್ರೆ ಅವರಿಗೆ ಆರಾಮ. ಅವರಿಗೆ ಬೇಕಾದ್ದನ್ನೇ ನೀವು ಮಾಡಿ ಕೊಟ್ಟಂಗಾಯ್ತು.’ ಈಗಲೂ ಹೇಳುತ್ತೇನೆ, ಅದು ನನ್ನ ಜೀವನದ ಅತ್ಯುತ್ತಮ ವಾದ. ಅವರು ಪೂರ್ತಿ ಕೇಳಿದರು.

‘ಇದು ನಿನ್ನ ವಾದವೋ, ಆಸೆಯೋ?’

‘ಆಸೆ’ ಅಂದೆ.

‘ವಾದ ಆಗಿದ್ರೆ ಮುರೀತಿದ್ದೆ’ ಅಂದು ನನ್ನ ಕೈ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಶಾಲೆಯ ಅಟೆಂಡರ್ ತಿಮ್ಮಪ್ಪಣ್ಣ ಏದುಸಿರು ಬಿಡುತ್ತ ಬಂದ. ‘ಮೇಡಂ, ಸರ್ ಹೇಳಿ ಕಳ್ಸಿದ್ರು. ಅಧ್ಯಕ್ಷರೂ ಒಪ್ಪಿದಾರಂತೆ. ಆ ಒಂದು ಫೋಟೋ ತೆಗೆದ್ರೆ ಸಾಕಂತೆ, ಸೋಮವಾರ ಬಂದು ಸೈನ್ ಹಾಕ್ಬಹುದಂತೆ. ಇಳೀರಿ ಮೇಡಂ, ಸುಮ್ನೆ ಯಾಕೆ.’

ನಾನು ಆಗಲೇ ಅವರ ಟ್ರಂಕು ಇಸಿದುಕೊಳ್ಳಲು ಕೈ ಚಾಚಿದ್ದೆ.

‘ಪುಸ್ತಕ ಏನಾಯ್ತು ತಿಮ್ಮಪ್ಪ?’ ಅಂತ ಕೇಳಿದರು ಮೇಡಂ.

ತಿಮ್ಮಪ್ಪಣ್ಣ ನೆಲ ನೋಡಿದ. ‘ವಾಪಸ್ ಬೀರುಗೇ ಇಟ್ಟು ಬೀಗ ಹಾಕಿದಾರೆ ಮೇಡಂ.’

‘ಹಾಗಾದ್ರೆ ಫೋಟೋ ಇರ್ಲಿ. ಪುಸ್ತಕ ಒಣಗಿದ ದಿನ ಹೇಳಿ ಕಳ್ಸಿ. ನಾನೇ ತೆಗೀತೀನಿ.’

ಕಂಡಕ್ಟರ್ ಸೀಟಿ ಊದಿದ. ಬಸ್ಸು ಬಾಳೆಹೊನ್ನೂರಿನ ರಸ್ತೆಗೆ ತಿರುಗಿತು.

ಇದಾಗಿ ನಾಲ್ಕೈದು ವರ್ಷ. ಈಗ ಅವರು ಘಟ್ಟದ ಕೆಳಗೆ ಯಾವುದೋ ಶಾಲೆಯಲ್ಲಿದ್ದಾರಂತೆ. ಅಲ್ಲೂ ಮಕ್ಕಳು ಎದುರು ಮಾತಾಡುತ್ತಾರೆ ಅಂತ ದೂರು ಬಂದಿದೆಯಂತೆ. ಕೇಳಿ ಖುಷಿಯಾಯಿತು. ನಮ್ಮ ಶಾಲೆಯ ಲೈಬ್ರರಿಯಲ್ಲಿ ಈಗ ಪಿ.ಟಿ. ಸಾಮಾನು ಇಡುತ್ತಾರೆ. ನಾನು ಕಾಲೇಜಿನ ಚರ್ಚಾ ತಂಡದ ಜೊತೆ ಊರೂರು ಸುತ್ತಿ ವಾದ ಮಾಡಿ ಬರುತ್ತೇನೆ. ಊರಿಗೆ ಹೋದಾಗಲೆಲ್ಲ ಆಡಳಿತ ಮಂಡಳಿಯವರು ಯಾರಾದರೂ ಸಿಕ್ಕಿ, ‘ನಿಮ್ಮ ಮೇಡಂಗೆ ಒಂದು ಮಾತು ಹೇಳಮ್ಮ, ಆ ಹಳೇ ಫೋಟೋ ಇನ್ನೂ ಯಾಕೆ? ಶಾಲೆ ಹೆಸರು ಕೆಡುತ್ತೆ’ ಅನ್ನುತ್ತಾರೆ.

ಮೊನ್ನೆಯೂ ಬ್ಲಾಗು ತೆರೆದು ನೋಡಿದೆ. ಫೋಟೋ ಇನ್ನೂ ಇದೆ.